ಕೊಲ್ಲೂರಿನ ದಾರಿಯಲ್ಲಿ ಕಡಲು

ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ವಾಹನಗಳು ಹೆಮ್ಮಾಡಿಯಲ್ಲಿ ಬಲಕ್ಕೆ ಹೊರಳುವುದು ವಾಡಿಕೆ. ಹೊರಳದೆ ನೇರ ಸಾಗಿದರೆ ಮರವಂತೆ: ಹೆದ್ದಾರಿಯ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಕೊಲ್ಲೂರಿನ ಕಡೆಯಿಂದ ಹರಿದುಬರುವ ಈ ನದಿ ಕಡಲಿನ ಅಂಚಿಗೇ ಬಂದೂ ಅದನ್ನು ಸೇರದೆ, ತೆಂಕಣಕ್ಕೆ ತಿರುಗಿ ಗಂಗೊಳ್ಳಿಯ ಬಳಿ ಸಮುದ್ರವನ್ನು ಕೂಡುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಬೇಕಾಗಿಯೂ ಇಲ್ಲ. ಮುಂದೆ ಬೈಂದೂರಿನಿಂದಲೂ ಕೊಲ್ಲೂರಿಗೆ ಹಾದಿಯುಂಟು.

ಬೆಂಗಳೂರಿನಿಂದ ಹೊರಟ ನಮ್ಮ ಕಾರಿನಲ್ಲಿ 72 ವರ್ಷದ ಅತ್ತೆಯವರಿದ್ದರು, ಕಡಲನ್ನು ಕಂಡವರಲ್ಲ. ಇರುಳಿನ ಮಂಗಳಾರತಿ ತಪ್ಪೀತೆಂದು ಯಜಮಾನರಿಗೆ ಆತಂಕ. ತಪ್ಪಿಯೂ ತಪ್ಪಿತು. ಮಳೆಗಾಲದಲ್ಲಾದರೆ ಇಲ್ಲಿ ನೀರಿಗಿಳಿಯುವ ಮಾತೇ ಬೇಡ. ಜನವರಿಯಲ್ಲೂ ಮಕ್ಕಳ ಕೈ ಬಿಡದಿರುವುದು ಲೇಸು. ಅತ್ತೆಯವರು ಪಾದ ತೋಯುವಷ್ಟು ನಿಂತು, ಒಂದು ಹನಿಯನ್ನು ನಾಲಗೆಗೆ ಸೋಕಿಸಿ ನಕ್ಕರು. ಮರುದಿನ ಸೌಪರ್ಣಿಕೆಯಲ್ಲಿ ಮೀಯುವಾಗ, "ನಿನ್ನೆ ಕಡಲ ಪಕ್ಕದಲ್ಲಿದ್ದವಳು ಇವಳೇ ಏನು?" ಎಂದು ಕೇಳಿದರು.