ತಮ್ಮನ ಬೆನ್ನು

ಮದುವೆ ಮುಗಿದು ಎರಡು ತಿಂಗಳಾಯ್ತು. ಸಿಕ್ಕಿದವರೆಲ್ಲ ಕೇಳೋದು ಒಂದೇ: "ಬಾಗಿಲು ತಡೆದಾಗ ಏನು ಕೇಳಿದೆ ಅಂತೆ? ಎಲ್ಲಾ ನಕ್ಕರಂತಲ್ಲ?" ಒಬ್ಬೊಬ್ಬರಿಗೂ ಹೇಳೋ ಬದಲು ಇಲ್ಲೇ ಬರೆದು ಬಿಡ್ತೀನಿ. ಆದ್ರೆ ಅದನ್ನ ಹೇಳ್ಬೇಕು ಅಂದ್ರೆ ಸ್ವಲ್ಪ ಹಿಂದಿಂದು ಹೇಳ್ಬೇಕು.

ನನಗೂ ತಮ್ಮನಿಗೂ ಹದಿನಾಲ್ಕು ವರ್ಷ ಅಂತರ. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಅವನು ಹುಟ್ಟಿದ್ದು, ಭದ್ರಾವತಿ ನ್ಯೂಟೌನ್ ಕ್ವಾರ್ಟರ್ಸಲ್ಲಿ. ಅಮ್ಮನ ಬಾಣಂತನಕ್ಕೆ ಅಜ್ಜಿ ಬಂದಿದ್ರು. ಆದ್ರೆ ಬೆಳಗ್ಗೆ ಎದ್ದು ಹಂಡೆಗೆ ಉರಿ ಹಾಕೋದು, ಮಗೂನ ಬಟ್ಟೆ ಒಗೆಯೋದು ನನ್ನ ಪಾಲಿಗೆ. ಪಿಯುಸಿ ಮುಗಿಯೋ ಹೊತ್ತಿಗೆ ಅಮ್ಮಂಗೆ ಕಾಯಿಲೆ ಶುರುವಾಗಿತ್ತು, ನನ್ನ ಓದು ಅಲ್ಲಿಗೆ ನಿಂತ್ಕೊಳ್ತು. ಇವನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಸ್ ಹತ್ತಿದ್ರೆ ಜನ "ನಿಮ್ಮ ಮಗನಾ?" ಅಂತಿದ್ರು. ಮೊದಮೊದಲು ನಾಚಿಕೆ, ಆಮೇಲೆ ಹೂಂ ಅಂದು ಸುಮ್ನಾಗ್ತಿದ್ದೆ.

ನಾನು ಮದುವೆ ಆಗಿ ಶಿವಮೊಗ್ಗಕ್ಕೆ ಬಂದೆ. ನಾಲ್ಕು ವರ್ಷಕ್ಕೆ ಅಮ್ಮ ಹೋದ್ರು. ಆಗ ಅವನಿಗೆ ಹನ್ನೊಂದು. ನಮ್ಮನೆಯವರೇ ಹೋಗಿ ಕರ್ಕೊಂಡು ಬಂದ್ರು. ನನ್ನ ಮಗನ ಜೊತೆ ಒಂದೇ ತಟ್ಟೇಲಿ ಉಂಡು, ಒಂದೇ ಚಾಪೇಲಿ ಮಲಗಿ ಬೆಳೆದ. ಶನಿವಾರ ಸ್ಕೂಲು ಬಿಟ್ಟ ಮೇಲೆ ಭದ್ರಾವತಿ ಬಸ್ ಹತ್ತಿಸ್ತಿದ್ದೆ, ಅಪ್ಪಂಗೆ ಒಂದು ಡಬ್ಬಿ ಹುಳಿ, ಒಂದು ಡಬ್ಬಿ ಪಲ್ಯ ಕೊಟ್ಟು. ಇಪ್ಪತ್ತು ಕಿಲೋಮೀಟರೂ ಇಲ್ಲ. ಆದ್ರೂ ಸೋಮವಾರ ಬೆಳಗ್ಗೆ ಅವನು ವಾಪಸ್ ಬರೋ ತನಕ ಮನಸ್ಸು ಅಲ್ಲೇ.

ಡಿಪ್ಲೊಮಾ ಮುಗಿಸಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ. ಅಷ್ಟೊತ್ತಿಗೆ ಅಪ್ಪ ರಿಟೈರಾಗಿ ಹೊಸಮನೇಲಿ ಒಂದು ಸಣ್ಣ ಮನೆ ಕಟ್ಟಿಸ್ಕೊಂಡಿದ್ರು. ಅಪ್ಪಂಗೆ ಲಕ್ವ ಹೊಡೆದಾಗ "ನಾನು ಅಲ್ಲೇ ಇರ್ತೀನಿ ಅಕ್ಕ" ಅಂತ ಗಂಟು ಕಟ್ಕೊಂಡು ಹೊರಟ. ಒಂಬತ್ತು ವರ್ಷ ನೋಡ್ಕೊಂಡ. ಸ್ನಾನ ಮಾಡ್ಸೋದು, ಗಂಜಿ ಕುಡಿಸೋದು, ಶಿಫ್ಟಿಗೆ ಓಡೋದು. ಅಪ್ಪ ಹೋದಾಗ ಇವನಿಗೆ ಮೂವತ್ತಾರು.

ಆಮೇಲೆ ಹೆಣ್ಣು ಹುಡುಕೋಕೆ ಹೊರಟ್ರೆ ಕಾಲ ಬದಲಾಗಿತ್ತು. ನಮ್ಮ ಅಪ್ಪನ ಕಾಲದಲ್ಲಿ ಭದ್ರಾವತಿ ಕಾರ್ಖಾನೇಲಿ ಕೆಲಸ ಅಂದ್ರೆ ಹೆಣ್ಣು ಕೊಡೋರು ಸಾಲಲ್ಲಿ ನಿಲ್ತಿದ್ರು. ವಿಶ್ವೇಶ್ವರಯ್ಯನವರು ಹುಟ್ಟು ಹಾಕಿದ ಕಾರ್ಖಾನೆ, 1923ರಿಂದ ಕಬ್ಬಿಣ ತೆಗೆದಿದ್ದು, ಇನ್ನೊಂದು ಕಡೆ ಎಂಪಿಎಂ ಕಾಗದ. ಎರಡು ಚಿಮಣಿ ನಂಬಿ ಒಂದು ಊರೇ ಬದುಕ್ತಿತ್ತು. ಎಂಪಿಎಂ ನಿಂತು ಹೋಯ್ತು, 2023ರ ಶುರುವಲ್ಲಿ ಕಬ್ಬಿಣದ ಕಾರ್ಖಾನೇನೂ ಮುಚ್ತಾರೆ ಅಂತ ಸುದ್ದಿ ಬಂದು ಕೆಲಸಗಾರರು ಧರಣಿ ಕೂತ್ರು. ಹೆಣ್ಣಿನ ಕಡೆಯವರು ಭದ್ರಾವತಿ ಅಂದ ಕೂಡ್ಲೇ "ಬೆಂಗಳೂರಿಗೆ ಹೋಗೋ ಯೋಚನೆ ಇದ್ಯಾ?" ಅಂತ ಕೇಳೋರು. ಇಲ್ಲ ಅಂದ್ರೆ ಕಾಫಿ ಕುಡಿದು ಎದ್ದು ಹೋಗೋರು. ಅದೇ ವರ್ಷ ಮಂಡ್ಯದ ಕಡೆ ಹುಡುಗರು ಹೆಣ್ಣು ಸಿಗ್ಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದ್ರಲ್ಲ, ಟಿವೀಲಿ ನೋಡಿ ಎಲ್ಲಾ ನಗ್ತಿದ್ರು. ನನಗೆ ನಗು ಬರ್ಲಿಲ್ಲ.

ಕೊನೆಗೆ ಕೂಡಿ ಬಂತು. ಹುಡುಗಿಗೆ ಮೂವತ್ತೇಳು. ತಂದೆ ಇಲ್ಲ, ತಾಯಿಗೆ ಇವಳೊಬ್ಬಳೇ. ಅವಳದು ಒಂದೇ ಮಾತು: "ಅಮ್ಮ ನನ್ನ ಜೊತೇಲಿ ಇರ್ತಾರೆ. ಒಪ್ಪಿಗೆ ಇದ್ರೆ ಮುಂದಿನ ಮಾತು." ನಮ್ಮ ಕಡೆ ಹೆಂಗಸರ ಬಾಯಿ ಕಟ್ಟೋಕಾಗುತ್ತಾ? "ಇದೇನೇ, ಅತ್ತೇನೂ ಸೇರಿಸಿ ಮನೆ ತುಂಬಿಸ್ಕೊಳ್ಳೋದಾ?" ಅಂದ್ರು. ಇವನು ಮಾತ್ರ ಒಂದು ನಿಮಿಷಾನೂ ಯೋಚನೆ ಮಾಡ್ಲಿಲ್ಲ. "ಅಪ್ಪನ್ನ ನಾನು ಬಿಟ್ಟು ಹೋದ್ನಾ ಅಕ್ಕ? ಅವಳು ಹೆಂಗೆ ಬಿಡ್ತಾಳೆ?" ಅಂದ.

ಅವರಿಗೆ ಕೊಡೋಕೆ ಇದ್ದಿದ್ದು ಅಮ್ಮನ ಫೋಟೋ ಇರೋ ರೂಮು. ನಾನು ಹೋದಾಗೆಲ್ಲ ಮಲಗ್ತಿದ್ದಿದ್ದು ಅಲ್ಲೇ. ಸುಳ್ಳು ಯಾಕೆ ಹೇಳ್ಲಿ, ಮದುವೆಗೆ ಹದಿನೈದು ದಿನ ಮುಂಚೆ ಆ ರೂಮಿನ ಕಪಾಟು ಖಾಲಿ ಮಾಡೋವಾಗ ಕಣ್ಣು ತುಂಬಿ ಬಂತು. ತವರು ಅಂದ್ರೆ ಅಮ್ಮ ಇರೋ ತನಕ ಅಂತಾರೆ. ನನಗೆ ತವರು ಅಂದ್ರೆ ಇವನು. ಈಗ ಆ ಮನೆಗೆ ನಾನೂ ನೆಂಟಳೇ ಆಗ್ತೀನಿ ಅನ್ನೋದು ಅವತ್ತು ಗೊತ್ತಾಯ್ತು. ಹಳೇ ಸೀರೆ ಎಲ್ಲಾ ಮಡಚಿ ಬ್ಯಾಗಿಗೆ ತುಂಬ್ದೆ, ಕಪಾಟಿಗೆ ಹೊಸ ಪೇಪರ್ ಹಾಸ್ದೆ.

ಇನ್ನು ಬಾಗಿಲು ತಡೆಯೋ ಶಾಸ್ತ್ರ. ನಿಮಗೆಲ್ಲ ಗೊತ್ತೇ ಇದೆ, ಹೊಸ ಹೆಣ್ಣು ಸೇರಕ್ಕಿ ಒದ್ದು ಒಳಗೆ ಬರೋ ಮುಂಚೆ ಗಂಡಿನ ಅಕ್ಕ-ತಂಗಿ ಹೊಸಿಲಲ್ಲಿ ಅಡ್ಡ ನಿಂತು "ನಿನಗೆ ಹುಟ್ಟೋ ಮಗಳನ್ನ ನನ್ನ ಮಗನಿಗೆ ಕೊಡ್ತೀಯಾ?" ಅಂತ ಕೇಳ್ಬೇಕು. ಹೂಂ ಅಂದ ಮೇಲೇ ದಾರಿ. ಹಿಂದೆ ಇದು ತಮಾಷೆ ಆಗಿರ್ಲಿಲ್ಲ. ಮಾವನ ಮಗಳನ್ನ ತರೋದು ನಮ್ಮ ಕಡೆ ಪದ್ಧತಿ, ಕೊಟ್ಟ ಹೆಣ್ಣಿಗೆ ತವರಿನ ಮೇಲಿರೋ ಹಕ್ಕು ಹಾಗೇ ಉಳೀತಿತ್ತು. ಈಗ ಹತ್ತಿರದ ರಕ್ತಸಂಬಂಧ ಬೇಡ ಅಂತ ಡಾಕ್ಟ್ರೇ ಹೇಳ್ತಾರೆ. ನನ್ನ ಮಗನಿಗೋ ಮೂವತ್ತರ ಹತ್ರ. ಅದೂ ಅಲ್ದೆ ನಲವತ್ತೊಂದರ ಗಂಡು, ಮೂವತ್ತೇಳರ ಹೆಣ್ಣು. ಮಕ್ಕಳ ಮಾತು ಆ ಹುಡುಗೀನ ಎಷ್ಟು ಜನ ಎಷ್ಟು ಥರ ಕೇಳಿರ್ತಾರೋ. ಹೊಸಿಲು ತುಳಿಯೋ ಮೊದಲೇ ನಾನೂ ಕೇಳ್ಬೇಕಾ? ಕೇಳಲ್ಲ ಅಂತ ಮೊದಲೇ ಗಟ್ಟಿ ಮಾಡ್ಕೊಂಡಿದ್ದೆ.

ಹಿಂದೆ ನಿಂತಿದ್ದ ಚಿಕ್ಕಮ್ಮ "ಕೇಳೇ, ಕೇಳೇ" ಅಂತ ತಿವೀತಿದ್ರು. ನಾನು ತಮ್ಮನ್ನ ಬಿಟ್ಟು ಅವಳನ್ನ ನೋಡಿ ಹೇಳ್ದೆ: "ನೋಡಮ್ಮ, ಇನ್ಮೇಲೆ ಇವನು ನಿನ್ನವನು. ನನಗೇನೂ ಬೇಡ. ನಾಗರಪಂಚಮಿ ದಿನ ಮಾತ್ರ ಇವನ ಬೆನ್ನು ನನಗೆ ಕೊಡ್ಬೇಕು. ಕೊಡ್ತೀಯಾ?"

ಒಂದು ಗಳಿಗೆ ಎಲ್ಲಾ ಸುಮ್ಮನೆ. ಅವಳು ತಲೆ ಎತ್ತಿ "ಪಂಚಮಿಗೆ ಮಾತ್ರ ಯಾಕೆ ಅತ್ತಿಗೆ, ಭಾನುವಾರ ಎಣ್ಣೆಸ್ನಾನಕ್ಕೂ ನೀವೇ ಬನ್ನಿ. ನನಗೂ ಒಂದು ಕೆಲಸ ಕಮ್ಮಿ ಆಗುತ್ತೆ" ಅಂದ್ಲು. ಆಗ ನಕ್ಕಿದ್ದು ಎಲ್ಲರೂ. ತಮ್ಮನ ಮುಖ ಕೆಂಪಾಗಿತ್ತು. ನಾನು ಪಕ್ಕಕ್ಕೆ ಸರಿದೆ, ಅವಳು ಸೇರಕ್ಕಿ ಒದ್ದು ಒಳಗೆ ಬಂದ್ಲು.

ದೂರದಲ್ಲಿರೋ ಹುಡುಗಿಯರು ಓದ್ತಿದ್ರೆ ಗೊತ್ತಿರ್ಲಿ ಅಂತ ಹೇಳ್ತೀನಿ: ಶ್ರಾವಣದ ಪಂಚಮಿ ದಿನ ನಾಗರಕಲ್ಲಿಗೆ ತನಿ ಎರೆದು ಬಂದ ಮೇಲೆ, ಹೂವನ್ನ ಹಾಲಲ್ಲಿ ಅದ್ದಿ ಒಡಹುಟ್ಟಿದವರ ಬೆನ್ನು ತೊಳೀತೀವಿ. ಬೆನ್ನು ತಂಪಾಗಿರ್ಲಿ, ಹೊಟ್ಟೆ ತಂಪಾಗಿರ್ಲಿ ಅಂತ. ಹಾವು ಕಚ್ಚಿ ಸತ್ತ ಅಣ್ಣನನ್ನ ತಂಗಿ ಬದುಕಿಸ್ಕೊಂಡ ಕತೆ ಅಮ್ಮ ಪ್ರತಿ ವರ್ಷ ಹೇಳೋರು. ತಮ್ಮ ಬೆನ್ನು ಒಡ್ಡಿ ಕೂತ್ರೆ ಅವನು ನಲವತ್ತರವನಾದ್ರೂ ನನಗೆ ನಾಲ್ಕರ ಹುಡುಗನೇ.

ಮೊನ್ನೆ ಆ ಹುಡುಗಿ ಫೋನ್ ಮಾಡಿದ್ಲು. ಹಬ್ಬಕ್ಕೆ ಏನೇನು ತರ್ಬೇಕು ಅಂತ ಕೇಳಿ ಬರ್ಕೊಂಡು, ಆಮೇಲೆ ಸ್ವಲ್ಪ ತಡೆದು ಕೇಳಿದ್ಲು: "ಅತ್ತಿಗೆ, ನಮ್ಮಮ್ಮಂಗೂ ಒಬ್ಬ ತಮ್ಮ ಇದಾರೆ, ತರೀಕೆರೇಲಿ. ಅಪ್ಪ ಹೋದ ಮೇಲೆ ಅಮ್ಮ ಬೆನ್ನು ತೊಳೆಯೋದು ಬಿಟ್ಟಿದಾರೆ, ಜನ ಏನಂತಾರೋ ಅಂತ. ಮಾವನ್ನ ನಮ್ಮನೆಗೆ ಕರೀಬಹುದಾ?"

ನಾನಂದೆ, "ಗಂಡ ಹೋದ್ರೆ ತಮ್ಮ ತಮ್ಮ ಅಲ್ದೆ ಹೋಗ್ತಾನೇನೇ? ಕರಿ. ಹಾಲು ಒಂದು ಲೀಟರ್ ಜಾಸ್ತಿ ತಗೊಂಡು ಬಾ, ಪಾಯಸಕ್ಕೂ ಆಗುತ್ತೆ."