ಕೆರೆ ದಂಡೆ ಡೈರಿ – 7: ಹುಲ್ಲಲ್ಲಿ ಮಲಗೋ ಹಕ್ಕಿ

ಫೋಟೋ ಬ್ಲರ್ ಆಗಿದೆ, ಬೈಬೇಡಿ. ಹೆಸರಘಟ್ಟ ಕೆರೆ, ಅಕ್ಟೋಬರ್ ಕೊನೆ, ಬೆಳಿಗ್ಗೆ ಆರೂವರೆ. ಜೊಂಡಿನ ಮೇಲೆ ತೇಲ್ತಿರೋದು ಮಾರ್ಷ್ ಹ್ಯಾರಿಯರ್. ಮೊದಲು ಹದ್ದು ಅಂದ್ಕೊಂಡೆ. ಆದ್ರೆ ಹದ್ದಿನ ಬಾಲ ಕವಲು, ಇದರದ್ದು ಅಲ್ಲ. ರೆಕ್ಕೆ ಎತ್ತಿ 'ವಿ' ಥರ ಹಿಡಿದು ತೀರಾ ಕೆಳಗೆ ಹಾರುತ್ತೆ. ಅದು ಬಂದಿದ್ದೇ ತಡ, ನಾಮದ ಕೋಳಿಗಳೆಲ್ಲ ಒಂದೇ ಗುಂಪಾದವು.

ಯುರೋಪ್, ಮಧ್ಯ ಏಷ್ಯಾ ಕಡೆ ಮರಿ ಮಾಡಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಹಕ್ಕಿ. ಮೊನ್ನೆ ಓದ್ತಾ ಗೊತ್ತಾಯ್ತು, ಹ್ಯಾರಿಯರ್‌ಗಳು ರಾತ್ರಿ ಸಾಮಾನ್ಯವಾಗಿ ಮಲಗೋದು ಮರದ ಮೇಲಲ್ಲ, ನೆಲದಲ್ಲಿ, ಹುಲ್ಲಿನೊಳಗೆ.

ಫೋನ್ ಕೆಳಗಿಟ್ಟು ಸುಮ್ನೆ ಕೂತೆ. ಹೋದ ನವೆಂಬರ್‌ನಲ್ಲಿ, ಇಂಟರ್ನಲ್ಸ್ ಮುಗಿದ ಖುಷಿಗೆ, ಈ ಕೆರೆ ಪಕ್ಕದ ಹುಲ್ಲುಗಾವಲಲ್ಲೇ ಕತ್ತಲಾಗೋ ಹೊತ್ತಿಗೆ ನಾಲ್ಕು ಜನ ಬೈಕ್ ಓಡಿಸಿದ್ವಿ. ರೀಲ್‌ಗೋಸ್ಕರ. ಹೆಡ್‌ಲೈಟ್ ಮುಂದೆ ಕಂದು ಬಣ್ಣದ್ದೇನೋ ದಡಬಡ ಎದ್ದು ಹಾರಿತ್ತು. ಯಾವ ಹಕ್ಕಿಯೋ, ಈಗ ಹೇಳೋಕಾಗಲ್ಲ. ನಾವು ಶಿಳ್ಳೆ ಹಾಕಿದ್ವಿ. ನನ್ನ ಪೇಜ್‌ನಲ್ಲಿ ಅತಿ ಹೆಚ್ಚು ಲೈಕ್ಸ್ ಬಂದಿದ್ದು ಅದಕ್ಕೇ.

ನಿನ್ನೆ ರಾತ್ರಿ ಡಿಲೀಟ್ ಮಾಡಿದೆ. ಅವತ್ತು ಮುಂದಿನ ಬೈಕಲ್ಲಿದ್ದವನು, 'ಲೋ, ಒಂದು ಹಕ್ಕಿಗೋಸ್ಕರಾನಾ?' ಅಂತ ಮೆಸೇಜ್ ಹಾಕಿದ. ಶನಿವಾರ ಅವನನ್ನೂ ಕರ್ಕೊಂಡು ಬರ್ತೀನಿ. ಬಸ್ಸಲ್ಲಿ.