ಮೀನುಗಾರನ ನಾಯಿ, ಮೈಸೂರಿನ ಚಪ್ಪಲಿ

ಲ್ಯಾಬ್ರಡಾರ್ ಮರಿ ಮನೆಗೆ ಬಂದ ಮೊದಲ ವಾರ ಕಾಣೆಯಾಗುವುದು ಜೋಡಿ ಚಪ್ಪಲಿಯಲ್ಲ, ಒಂದು ಕಾಲಿನದು ಮಾತ್ರ. ಆಮೇಲೆ ಟವೆಲ್ಲು, ಹಾಲಿನ ಪ್ಯಾಕೆಟ್ಟು, ಅಜ್ಜಿಯ ಕನ್ನಡಕದ ಡಬ್ಬಿ. ಮೈಸೂರಿನ ಈ ಲೇಖಕರ ಮನೆಯಲ್ಲೂ ಹಾಗೇ ಆಯಿತು. ಮಕ್ಕಳು ಮರಿಗೆ ಬ್ರೂನೋ ಎಂದು ಹೆಸರಿಟ್ಟರು, ಅಜ್ಜಿ ಕೆಂಚ ಎಂದರು. ತಟ್ಟೆಯ ಸದ್ದು ಕೇಳಿಸಿದರೆ ಅದು ಎರಡೂ ಹೆಸರಿಗೆ ಓಡಿ ಬರುತ್ತಿತ್ತು. ಕಳೆದುಹೋದದ್ದೆಲ್ಲ ಒಂದು ಮಧ್ಯಾಹ್ನ ಸೋಫಾದ ಹಿಂದೆ ಸಿಕ್ಕಿತು. ಎಲ್ಲವೂ ಜೊಲ್ಲಿನಲ್ಲಿ ನೆಂದಿತ್ತು, ಆದರೆ ಹಾಲಿನ ಪ್ಯಾಕೆಟ್ ಕೂಡ ಒಡೆದಿರಲಿಲ್ಲ.

ಈ ಮೆತ್ತನೆಯ ಬಾಯಿಯ ಮೂಲ ಹುಡುಕುತ್ತಾ ಹೋದರೆ ಅಟ್ಲಾಂಟಿಕ್ ಸಾಗರದ ನ್ಯೂಫೌಂಡ್‌ಲೆಂಡ್ ದ್ವೀಪ ಸಿಗುತ್ತದೆ. ಅಲ್ಲಿನ ಮೀನುಗಾರರು ಸೇಂಟ್ ಜಾನ್ಸ್ ನಾಯಿ ಎಂಬ ಕಪ್ಪು ನಾಯಿಗಳನ್ನು ಸಾಕುತ್ತಿದ್ದರು. ಅವಕ್ಕೆ ಎದೆಯಲ್ಲೂ ಪಾದದಲ್ಲೂ ಬಿಳಿ ಮಚ್ಚೆ. ಗಾಳದಿಂದ ಜಾರಿದ ಮೀನನ್ನು ಕಚ್ಚಿ ತರುವುದು, ಬಲೆಯ ಹಗ್ಗವನ್ನು ಬಾಯಲ್ಲಿ ಹಿಡಿದು ಕೊರೆಯುವ ನೀರಲ್ಲಿ ಈಜುವುದು ಅವುಗಳ ದಿನದ ಕೆಲಸ. ಮೀನು ತುಂಬಿದ ಹಡಗುಗಳ ಜೊತೆ ಅವು 19ನೇ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದಿಳಿದವು. ಹತ್ತಿರದಲ್ಲೇ ಎಸ್ಟೇಟ್ ಇದ್ದ ಮಾಮ್ಸ್‌ಬರಿಯ ಅರ್ಲ್‌ಗಳಿಗೆ ಅವು ಬಾತುಕೋಳಿ ಬೇಟೆಗೆ ಹೇಳಿ ಮಾಡಿಸಿದಂತಿದ್ದವು. ಗುಂಡು ತಗುಲಿ ಬಿದ್ದ ಹಕ್ಕಿಯನ್ನು ಜಜ್ಜದೆ ತರುವ ನಾಯಿ ಬೇಟೆಗಾರರಿಗೆ ಬೇಕಿತ್ತು. 1880ರ ದಶಕದಲ್ಲಿ ಮೂರನೆಯ ಅರ್ಲ್ ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕನ ಮನೆತನಕ್ಕೆ ಕೊಟ್ಟ ನೆಡ್ ಮತ್ತು ಏವನ್ ಎಂಬ ನಾಯಿಗಳನ್ನು ಇಂದಿನ ಲ್ಯಾಬ್ರಡಾರ್‌ಗಳ ಮೂಲಪುರುಷರು ಎನ್ನುತ್ತಾರೆ. ಬ್ರಿಟನ್ನಿನ ಕೆನಲ್ ಕ್ಲಬ್ 1903ರಲ್ಲಿ ತಳಿಯನ್ನು ಮಾನ್ಯ ಮಾಡಿತು. ಕೆಂಚನ ಹಾಗಿನ ಹಳದಿ ಬಣ್ಣದವರ ಪೈಕಿ ಮೊದಲು ದಾಖಲಾದದ್ದು 1899ರಲ್ಲಿ ಹುಟ್ಟಿದ ಬೆನ್ ಆಫ್ ಹೈಡ್. ಮೂಲದ ಸೇಂಟ್ ಜಾನ್ಸ್ ನಾಯಿ ಮಾತ್ರ 1980ರ ದಶಕದಲ್ಲಿ ಭೂಮಿಯ ಮೇಲಿಂದಲೇ ಇಲ್ಲವಾಯಿತು.

ಕೆಲಸ ಹೋದರೂ ಕೆಲಸಗಾರನ ಮೈ ಉಳಿದುಕೊಂಡಿದೆ. ಬೆರಳುಗಳ ನಡುವೆ ಬಾತುಕೋಳಿಯಂತೆ ಚರ್ಮ, ಈಜುವಾಗ ಚುಕ್ಕಾಣಿಯಾಗುವ ದಪ್ಪ ಬಾಲ, ನೀರು ಒಳಗಿಳಿಯದ ಎರಡು ಪದರದ ತುಪ್ಪಳ. ನಗರದ ಮನೆಯಲ್ಲಿ ಇವುಗಳ ಅರ್ಥವೇ ಬೇರೆ. ಕುಡಿಯಲಿಟ್ಟ ನೀರಿಗೆ ಮುಂಗಾಲು ಇಳಿಸಿ ಕಲಕುತ್ತದೆ, ಟೀಪಾಯಿಯ ಮೇಲಿನ ಕಾಫಿ ಲೋಟ ಬಾಲದ ಒಂದೇ ಬೀಸಿಗೆ ನೆಲಕ್ಕುರುಳುತ್ತದೆ. ಕೂದಲಂತೂ ವರ್ಷವಿಡೀ ಉದುರುತ್ತದೆ. ಕಪ್ಪು ಪ್ಯಾಂಟು ಹಾಕಿಕೊಂಡು ಆಫೀಸಿಗೆ ಹೋಗುವ ಆಸೆಯನ್ನು ಬಿಟ್ಟುಬಿಡುವುದು ಮೇಲು. ಚಳಿಗೆಂದು ಬೆಳೆದ ಆ ತುಪ್ಪಳಕ್ಕೆ ನಮ್ಮ ಏಪ್ರಿಲ್ ಬಿಸಿಲು ಆಗಿಬರುವುದಿಲ್ಲ, ವಾಕಿಂಗ್ ಏನಿದ್ದರೂ ಹೊತ್ತು ಏರುವ ಮುಂಚೆಯೇ.

ಮರಿ ಎಲ್ಲಿಂದ ತರುವುದು ಎಂಬುದು ಅದಕ್ಕೂ ಮುಂಚಿನ ಪ್ರಶ್ನೆ. 2022ರಲ್ಲಿ ತೆರೆಕಂಡ '777 ಚಾರ್ಲಿ'ಯ ನಾಯಕಿಯೂ ಲ್ಯಾಬ್ರಡಾರೇ. ಆ ಚಿತ್ರ ನೋಡಿ ಕಣ್ಣೊರೆಸಿಕೊಂಡವರು, ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಮಾರುವವನ ಭಾಗವನ್ನು ಬೇಗ ಮರೆಯುತ್ತಾರೆ. ತಾಯಿ ನಾಯಿಯನ್ನು ತೋರಿಸಲು ಹಿಂದೇಟು ಹಾಕುವವರ ಬಳಿ ಮರಿ ಕೊಳ್ಳಬಾರದು. ಎಂಟು ವಾರ ತುಂಬುವ ಮೊದಲು ತರಲೂಬಾರದು.

ಬಂದ ಮೇಲೆ ಮೊದಲ ರಾತ್ರಿಗಳಲ್ಲಿ ಅಳು ಗ್ಯಾರಂಟಿ. ಒಡಹುಟ್ಟಿದವರ ಬಿಸುಪು ಬಿಟ್ಟು ಬಂದ ಮರಿ ಅದು, ಹಾಸಿಗೆಯನ್ನು ಯಾರಾದರೂ ಮಲಗುವ ಕೋಣೆಯಲ್ಲೇ ಹಾಕಿದರೆ ಬೇಗ ಸುಮ್ಮನಾಗುತ್ತದೆ. ಉಂಡ ತಕ್ಷಣ, ಎದ್ದ ತಕ್ಷಣ, ಆಡಿದ ತಕ್ಷಣ ಅಂಗಳಕ್ಕೆ ಎತ್ತಿಕೊಂಡು ಓಡಬೇಕು. ಲಸಿಕೆಯ ಸರದಿ ಮುಗಿಯುವವರೆಗೆ ಬೀದಿಯ ನೆಲ ಮುಟ್ಟಿಸುವಂತಿಲ್ಲ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸೊಂಟದ ಕೀಲು ಸಡಿಲವಾಗುವ ತೊಂದರೆ ಈ ತಳಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬರಬಹುದು, ಹಾಗಾಗಿ ಗ್ರಾನೈಟ್ ನೆಲದ ಮೇಲೆ ಹಳೆಯ ಜಮಖಾನೆ ಹಾಸುವುದು ವಾಸಿ. ನಾಲ್ಕನೇ ತಿಂಗಳ ಹೊತ್ತಿಗೆ 28 ಹಾಲುಹಲ್ಲುಗಳು ಉದುರಿ 42 ಹೊಸ ಹಲ್ಲುಗಳು ಬರತೊಡಗುತ್ತವೆ. ಆಗ ಮೆತ್ತನೆಯ ಬಾಯಿಯ ಕಥೆಯೆಲ್ಲ ಸುಳ್ಳಾಗುತ್ತದೆ. ಕನ್ನಡಕದ ಡಬ್ಬಿಗೆ ಸಿಕ್ಕ ಮರ್ಯಾದೆ ಊಟದ ಮೇಜಿನ ಕಾಲಿಗೆ ಸಿಗಲಿಲ್ಲ. ಫ್ರೀಜರಿನಲ್ಲಿಟ್ಟ ಕ್ಯಾರೆಟ್ ಒಸಡಿಗೆ ತಂಪು, ಮರದ ಸಾಮಾನಿಗೂ ರಕ್ಷೆ.

ಇನ್ನು ಹಸಿವು. ಲ್ಯಾಬ್ರಡಾರ್ ಸಾಕಿದವರೆಲ್ಲ ಇದನ್ನು ನಕ್ಕು ಹೇಳುತ್ತಿದ್ದರು. 2016ರಲ್ಲಿ ಕೇಂಬ್ರಿಡ್ಜ್ ವಿಜ್ಞಾನಿಗಳು ಕಾರಣ ತೋರಿಸಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಪಿಓಎಂಸಿ ಎಂಬ ಜೀನಿನ ಒಂದು ತುಣುಕು ಇರುವುದಿಲ್ಲ, ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಇದನ್ನು ಅಜ್ಜಿಗೆ ವಿವರಿಸಿದ್ದಾಯಿತು. "ಪಾಪ, ಹಸಿದಿದೆ ಅಂತ ನಾನು ಹೇಳಿದ್ದು ಅದನ್ನೇ ತಾನೇ?" ಎಂದರು. ದ್ರಾಕ್ಷಿ ಬಿದ್ದ ಪಾಯಸ, ಈರುಳ್ಳಿ ದೋಸೆ, ಚಾಕೊಲೇಟ್ ಮೂರೂ ನಾಯಿಗೆ ವಿಷ ಎಂಬುದಕ್ಕೆ ಮಾತ್ರ ಅವರು ಮರುಮಾತಾಡದೆ ಒಪ್ಪಿದರು. ಈಗ ಅಳತೆಯ ಲೋಟ ಅವರದೇ ವಶದಲ್ಲಿದೆ. ಬೆಳಗ್ಗೆ ಕೊಟ್ಟ ಚಪಾತಿಯ ಚೂರನ್ನು ಸಂಜೆಯ ಊಟದಲ್ಲಿ ಕಳೆಯುತ್ತಾರೆ, ಕಳೆಯುವಾಗ ಕೆಂಚನ ಮುಖ ನೋಡುವುದಿಲ್ಲ.